‘ಇಲ್ಲ’ ಬೇರೆ, ‘ಬೇಡ’ ಬೇರೆ

ಐವತ್ತು ದಾಟಿದ ಮನುಷ್ಯ. ಮನೆ ಇದೆ, ಕಾರಿದೆ, ಮಕ್ಕಳು ಕಾಲೇಜಿಗೆ ಹೋಗ್ತಾರೆ. ಅಂಥವನು ಆರಿಂಚಿನ ಒಂದು ಪ್ಲಾಸ್ಟಿಕ್ ಗೊಂಬೆ ಯಾವತ್ತು ಬರುತ್ತೋ ಅಂತ ದಶಕಗಟ್ಟಲೆ ಕಾದ ಅಂದರೆ ಯಾರಿಗಾದರೂ ನಗು ಬರುತ್ತೆ. ನಗಲಿ ಬಿಡಿ. ನಕ್ಕು ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತೆ. ಆ ಗೊಂಬೆಯ ಮೇಲಿರೋದು ಒಬ್ಬ ನಿಜವಾದ ನಟನ ಮುಖ. ಆ ಪಾತ್ರ ಅಂದರೆ ನನಗೆ ಪ್ರಾಣ ಅನ್ನೋ ಒಂದೇ ಕಾರಣಕ್ಕೆ ಆ ಮುಖದ ಮೇಲೆ ನನಗೆ ಏನಾದರೂ ಹಕ್ಕು ಹುಟ್ಟುತ್ತಾ? ಪ್ರೀತಿಸಿದ್ದನ್ನು ಕೇಳುವ ಹಕ್ಕು ಎಲ್ಲಿಯವರೆಗೆ?

ಇದು ಗೊಂಬೆ ಸಂಗ್ರಹಿಸುವವರ ತಲೆನೋವು, ನಮಗ್ಯಾಕೆ ಅನ್ನಬೇಡಿ. ಅವರು ಅರವತ್ತು ವರ್ಷದಿಂದ ಹೊತ್ತುಕೊಂಡಿರುವ ಪ್ರಶ್ನೆ ಈಗ ನಮ್ಮ ನಿಮ್ಮ ಲ್ಯಾಪ್‌ಟಾಪಿನ ಹತ್ತಿರಕ್ಕೇ ಬಂದು ಕೂತಿದೆ. ಅಲ್ಲಿಗೆ ಆಮೇಲೆ ಬರೋಣ. ಮೊದಲು ಗೊಂಬೆ.

ಅಮೆರಿಕದ ಎಬಿಸಿ ವಾಹಿನಿಯಲ್ಲಿ 1966ರ ಜನವರಿ 12ರಂದು ‘ಬ್ಯಾಟ್‌ಮ್ಯಾನ್’ ಧಾರಾವಾಹಿ ಶುರುವಾಯ್ತು. ನಾವು ಮಲ್ಟಿಪ್ಲೆಕ್ಸಿನಲ್ಲಿ ನೋಡಿರುವ, ಕತ್ತಲಲ್ಲಿ ನಿಂತು ಗೊಗ್ಗರು ದನಿಯಲ್ಲಿ ಮಾತಾಡುವ ಬ್ಯಾಟ್‌ಮ್ಯಾನ್ ಅಲ್ಲ ಇವನು. ಬಣ್ಣಬಣ್ಣದ ಸೆಟ್ಟು, ಹೊಡೆದಾಟದ ಮಧ್ಯೆ ಪರದೆ ತುಂಬಾ ‘ಪೌ!’, ‘ಝ್ಯಾಪ್!’ ಅಂತ ಅಕ್ಷರಗಳು. ಮಕ್ಕಳಿಗೆ ಅದು ಸಾಹಸ, ಅಪ್ಪ ಅಮ್ಮಂದಿರಿಗೆ ತಮಾಷೆ. ಆಡಮ್ ವೆಸ್ಟ್ ಬ್ಯಾಟ್‌ಮ್ಯಾನ್, ಬರ್ಟ್ ವಾರ್ಡ್ ರಾಬಿನ್. ಖಳರಲ್ಲಿ ಸೀಸರ್ ರೊಮೆರೊ ಜೋಕರ್, ಬರ್ಜೆಸ್ ಮೆರೆಡಿತ್ ಪೆಂಗ್ವಿನ್, ಫ್ರಾಂಕ್ ಗೋರ್ಶಿನ್ ರಿಡ್ಲರ್. 120 ಕಂತು ಆಗಿ 1968ರ ಮಾರ್ಚಿನಲ್ಲಿ ಮುಗಿದುಹೋಯ್ತು. ಆಮೇಲೆ ಮರುಪ್ರಸಾರದಲ್ಲಿ ಓಡುತ್ತಲೇ ಇತ್ತು.

ಆಟಿಕೆಗಳು ಬರಲಿಲ್ಲ ಅಂತಲ್ಲ. ಬ್ರಿಟನ್ನಿನ ಕಾರ್ಗಿ ಕಂಪನಿ 1966ರಲ್ಲೇ ಬ್ಯಾಟ್‌ಮೊಬೈಲ್ ಪುಟ್ಟ ಕಾರು ಮಾಡಿತು. ಅದು ಲಕ್ಷಗಟ್ಟಲೆ ಮಾರಾಟವಾಯ್ತು. 70ರ ದಶಕದಲ್ಲಿ ಮೆಗೊ ಕಂಪನಿ ಎಂಟಿಂಚಿನ, ಬಟ್ಟೆ ತೊಟ್ಟ ಬ್ಯಾಟ್‌ಮ್ಯಾನನನ್ನು ತಂದಿತು. ಗಂಡುಹುಡುಗರಿಗೆ ‘ಗೊಂಬೆ’ ಅಂದರೆ ಅಪ್ಪಂದಿರು ಕೊಡಿಸಲ್ಲ ಅಂತ ಹ್ಯಾಸ್ಬ್ರೊದವರು 1964ರಲ್ಲೇ ತಮ್ಮ ಜಿ.ಐ. ಜೋ ಸಿಪಾಯಿಗೆ ‘ಆಕ್ಷನ್ ಫಿಗರ್’ ಅಂತ ಹೊಸ ಹೆಸರಿಟ್ಟಿದ್ದರು. ಹಾಗಾಗಿ ಫಿಗರ್‌ಗಳಿಗೆ ಬರವಿರಲಿಲ್ಲ. ಆದರೆ ಮೆಗೊ ಬ್ಯಾಟ್‌ಮ್ಯಾನ್ ಕಾಮಿಕ್ಸಿನ ಬ್ಯಾಟ್‌ಮ್ಯಾನ್. ಅಚ್ಚುಕಟ್ಟಾದ ದವಡೆ, ಯಾರದ್ದೂ ಅಲ್ಲದ ಮುಖ. ಜನ ಕೇಳುತ್ತಿದ್ದದ್ದು ಅದಲ್ಲ. ಅವರಿಗೆ ಬೇಕಿದ್ದದ್ದು ಆಡಮ್ ವೆಸ್ಟ್.

ಇಲ್ಲೇ ಈ ಆಸೆಯ ಸ್ವಾರಸ್ಯ ಇರೋದು. ಅವರು ಏನೇನು ಬೇಕು ಅಂತ ಕೇಳ್ತಾರೆ ನೋಡಿ. ಆ ಮುಸುಕಿನ ಮೇಲೆ ಬಣ್ಣದಲ್ಲಿ ಬರೆದ ಹುಬ್ಬುಗಳಿದ್ದವಲ್ಲ, ಅವು ಇರಬೇಕು. ಮೈಯಲ್ಲಿ ಜಿಮ್ಮಿನ ಆರು ಕಟ್ಟು ಇರಕೂಡದು. ವೆಸ್ಟ್ ಸಾಧಾರಣ ಮೈಯ ಗಂಡಸು, ಹಾಗೇ ಇರಬೇಕು. ರೊಮೆರೊ ಜೋಕರ್ ಪಾತ್ರಕ್ಕೆ ತಮ್ಮ ಮೀಸೆ ಬೋಳಿಸಲು ಒಪ್ಪಲಿಲ್ಲ, ಅದರ ಮೇಲೇ ಬಿಳಿ ಬಣ್ಣ ಬಳಿದರು. ಹತ್ತಿರದ ಶಾಟಿನಲ್ಲಿ ಬಣ್ಣದ ಕೆಳಗೆ ಮೀಸೆ ಕಾಣುತ್ತೆ. ಗೊಂಬೆಯಲ್ಲೂ ಆ ಮೀಸೆ ಕಾಣಬೇಕು! ಅಂದರೆ ಇವರು ಕೇಳ್ತಿರೋದು ಕುಂದುಗಳನ್ನು. ಕುಂದಿಲ್ಲದ ಬ್ಯಾಟ್‌ಮ್ಯಾನ್ ಯಾವ ಅಂಗಡಿಯಲ್ಲಾದರೂ ಸಿಗ್ತಾನೆ. ಕುಂದಿರುವವನು ಒಬ್ಬನೇ.

ಯೋಚಿಸಿ ನೋಡಿದರೆ ಪ್ರೀತಿಯ ರೀತಿಯೇ ಇದು. ಅಜ್ಜಿಯ ನೆನಪಾದಾಗ ನಮಗೆ ಮೊದಲು ಹೊಳೆಯೋದು ಅವಳ ಗುಣಗಳ ಪಟ್ಟಿ ಅಲ್ಲ. ಕನ್ನಡಕದ ಕಡ್ಡಿಗೆ ಸುತ್ತಿದ ದಾರ, ಒಂದು ಅಕ್ಷರವನ್ನು ಅವಳು ತಪ್ಪಾಗಿ ಹೇಳುತ್ತಿದ್ದ ರೀತಿ. ಅದನ್ನು ತಿದ್ದಿ ಕೊಟ್ಟರೆ ಅವಳು ನಮ್ಮ ಅಜ್ಜಿ ಅಲ್ಲ. ಹಾಗಾಗಿ ‘ದೊಡ್ಡವರಿಗೇಕೆ ಆಟಿಕೆ’ ಅನ್ನೋ ಪ್ರಶ್ನೆಯೇ ಸ್ವಲ್ಪ ಅಡ್ಡದಾರಿಯದ್ದು. ಮಕ್ಕಳಿಗೆ ಆಟಕ್ಕೆ ಇಷ್ಟು ನಿಖರತೆ ಬೇಕಿಲ್ಲ. ಭಾನುವಾರ ಮಧ್ಯಾಹ್ನ ‘ಶಕ್ತಿಮಾನ್’ ಮುಗಿದ ಮೇಲೆ ನಮ್ಮೂರಲ್ಲಿ ಹುಡುಗರು ಮಾಡುತ್ತಿದ್ದದ್ದು ಒಂದೇ, ಬೆರಳೆತ್ತಿ ತಲೆ ತಿರುಗಿ ಬೀಳುವ ತನಕ ಗಿರಗಿರ ಸುತ್ತೋದು. ಯಾರಿಗೂ ಮುಖೇಶ್ ಖನ್ನಾ ಮುಖದ ಗೊಂಬೆ ಬೇಕಿರಲಿಲ್ಲ, ನಾವೇ ಅವನಾಗಿದ್ದೆವು. ಆಗೋದು ಮುಗಿದ ಮೇಲೆ, ಅಂದರೆ ದೊಡ್ಡವರಾದ ಮೇಲೆ, ಇಟ್ಟುಕೊಳ್ಳುವ ಆಸೆ ಹುಟ್ಟುತ್ತೆ. ‘ಅದು ನಿಜಕ್ಕೂ ಹೀಗೇ ಇತ್ತು, ನಾನು ಕಲ್ಪಿಸಿಕೊಂಡದ್ದಲ್ಲ’ ಅನ್ನೋದಕ್ಕೆ ಕಣ್ಣೆದುರಿಗೆ ಒಂದು ಸಾಕ್ಷಿ ಬೇಕು.

ಆದರೆ ಸಾಕ್ಷಿ ಕೇಳಿದ ತಕ್ಷಣ ಒಂದು ಮುಖ ಬೇಕಾಗುತ್ತೆ. ಮುಖಕ್ಕೊಬ್ಬ ಯಜಮಾನ ಇರ್ತಾನೆ.

ನಮ್ಮ ಕಡೆ ದಸರೆಗೆ ಕೂರಿಸುವ ಪಟ್ಟದ ಗೊಂಬೆ ನೋಡಿ. ಮರದ ರಾಜ, ರಾಣಿ. ಮದುವೆಯಲ್ಲಿ ಮಗಳಿಗೆ ಕೊಟ್ಟು ಕಳಿಸುವ ಪದ್ಧತಿ ಇತ್ತು. ಯಾವ ರಾಜ ಅಂತ ಯಾರೂ ಕೇಳಿದ್ದಿಲ್ಲ. ಅಗಲ ಕಣ್ಣು, ಮೀಸೆ, ಪೇಟ ಇದ್ದರೆ ಅವನು ರಾಜ. ಆ ಗೊಂಬೆ ಕೆತ್ತಲು ಯಾರ ಒಪ್ಪಿಗೆಯೂ ಬೇಕಿರಲಿಲ್ಲ, ಯಾಕಂದರೆ ಅದು ಯಾರ ಮುಖವೂ ಅಲ್ಲ. ಕ್ಯಾಮೆರಾ ಬಂದು, ಟಿವಿ ಬಂದು, ಒಂದೇ ಮುಖವನ್ನು ವಾರವಾರ ಕೋಟ್ಯಂತರ ಮನೆಗೆ ತಂದು ಕೂರಿಸಿದ ಮೇಲೆ ಗೊಂಬೆಗೆ ‘ಅವನ ಹಾಗೇ’ ಇರಬೇಕಾದ ಪಾಡು ಬಂತು. ಅವತ್ತಿನಿಂದ ಈ ಆಸೆ ಇನ್ನೊಬ್ಬರ ಒಪ್ಪಿಗೆಗೆ ಕಟ್ಟಿಹಾಕಿದ ಆಸೆ ಆಯ್ತು.

ಬ್ಯಾಟ್‌ಮ್ಯಾನ್ ವಿಷಯದಲ್ಲಿ ಆ ಒಪ್ಪಿಗೆ ಮೂರು ಕಡೆ ಸಿಕ್ಕಿಹಾಕಿಕೊಂಡಿತ್ತು. ಪಾತ್ರ ಡಿಸಿ ಕಾಮಿಕ್ಸ್‌ದು, ಅಂದರೆ ಅದರ ಒಡೆಯರಾದ ವಾರ್ನರ್ ಸಂಸ್ಥೆಯದು. ಧಾರಾವಾಹಿ ಮಾಡಿದ್ದು ಟ್ವೆಂಟಿಯತ್ ಸೆಂಚುರಿ ಫಾಕ್ಸ್. ಮುಖಗಳು ಆಯಾ ನಟರದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮೂರು ಡಿಪೆಂಡೆನ್ಸಿ, ಮೂರಕ್ಕೂ ಬೇರೆ ಬೇರೆ ಲೈಸೆನ್ಸು, ಒಂದು ಇನ್ನೊಂದರ ಜೊತೆ ಹೊಂದಲ್ಲ. ಬಿಲ್ಡ್ ಫೇಲ್. ಯಾರೋ ಒಬ್ಬರು ಕೂತು ಬಿಡಿಸಬೇಕು, ಬಿಡಿಸೋಕೆ ದುಡ್ಡು ಸಮಯ ಎರಡೂ ಬೇಕು, ಬಿಡಿಸಿದರೆ ಸಿಗುವ ಲಾಭ ಎಷ್ಟೋ ಗೊತ್ತಿಲ್ಲ. ಅಂಥ ಟಿಕೆಟ್ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಪ್ರತಿ ಸ್ಪ್ರಿಂಟಿನಲ್ಲೂ ಮುಂದಕ್ಕೆ ಹೋಗುತ್ತೆ. ಇದೂ ಹೋಯ್ತು, ನಲವತ್ತು ವರ್ಷಕ್ಕೂ ಹೆಚ್ಚು.

ಆ ನಟರ ಮುಖಗಳನ್ನೇ ಹೊತ್ತ ಆರಿಂಚಿನ ಫಿಗರ್‌ಗಳ ಸಾಲನ್ನು ಮ್ಯಾಟೆಲ್ ಅಂಗಡಿಗೆ ತಂದದ್ದು 2013ರಲ್ಲಿ. ಧಾರಾವಾಹಿಯ ಡಿಸ್ಕುಗಳು ಅಧಿಕೃತವಾಗಿ ಮನೆಗೆ ಬಂದದ್ದು ಅದಕ್ಕೂ ಒಂದು ವರ್ಷ ಆಮೇಲೆ, 2014ರ ನವೆಂಬರಿನಲ್ಲಿ. ಲೆಕ್ಕ ಹಾಕಿ: 1966ರಲ್ಲಿ ಎಂಟು ವರ್ಷದ ಹುಡುಗನಿಗೆ 2013ರಲ್ಲಿ ಐವತ್ತೈದು. ರೊಮೆರೊ 1994ರಲ್ಲಿ ತೀರಿಕೊಂಡರು, ಮೆರೆಡಿತ್ 1997ರಲ್ಲಿ, ಗೋರ್ಶಿನ್ 2005ರಲ್ಲಿ. ಮೂವರು ಖಳರೂ ತಮ್ಮ ಆ ಗೊಂಬೆ ನೋಡಲಿಲ್ಲ. ಆಡಮ್ ವೆಸ್ಟ್ ನೋಡಿದರು, ಆಗ ಅವರಿಗೆ ಎಂಬತ್ತು ದಾಟಿತ್ತು. ಕಾದವರಲ್ಲೂ ಎಷ್ಟೋ ಜನ ಉಳಿದಿರಲಿಕ್ಕಿಲ್ಲ. ಅದೇ 2013ರ ಜನವರಿಯಲ್ಲಿ ಧಾರಾವಾಹಿಯ ಅಸಲಿ ಕಾರು ಹರಾಜಿನಲ್ಲಿ 42 ಲಕ್ಷ ಡಾಲರಿಗೆ ಹೋಯ್ತು. ಆಸೆಗೆ ಬೆಲೆ ಇಲ್ಲ ಅಂತ ಯಾರೂ ಹೇಳೋ ಹಾಗಿರಲಿಲ್ಲ. ಆದರೂ ಅಷ್ಟು ಕಾಲ ಬಂದ ಉತ್ತರ ಒಂದೇ: ಇಲ್ಲ.

ಈಗ ಕನ್ನಡದ ಎರಡು ಸಣ್ಣ ಪದಗಳನ್ನು ಪಕ್ಕಪಕ್ಕ ಇಡೋಣ. ‘ಇಲ್ಲ’ ಮತ್ತು ‘ಬೇಡ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ನೋ’ ಅಂದುಬಿಡ್ತೀವಿ. ನಮಗೆ ಹಾಗಲ್ಲ. ಕಿರಾಣಿ ಅಂಗಡಿಯವನು ‘ಬೆಲ್ಲ ಇಲ್ಲ’ ಅಂದರೆ ಅದು ಒಂದು ಸ್ಥಿತಿ. ‘ಯಾವಾಗ ಬರುತ್ತೆ ಅಣ್ಣ?’ ಅಂತ ಕೇಳಬಹುದು, ನಾಳೆ ಮತ್ತೆ ಹೋಗಬಹುದು, ‘ಆ ಡಬ್ಬದಲ್ಲಿ ಏನಿದೆ ತೋರಿಸಿ’ ಅಂತ ಜಗಳವನ್ನೂ ಆಡಬಹುದು. ಹೆಣ್ಣು ನೋಡೋಕೆ ಹೋದಲ್ಲಿ ಹುಡುಗಿ ‘ಬೇಡ’ ಅಂದರೆ ಅದು ಸ್ಥಿತಿ ಅಲ್ಲ, ಒಬ್ಬರ ಮನಸ್ಸು. ಅಲ್ಲಿ ‘ಯಾವಾಗ ಬೇಕಾಗುತ್ತೆ?’ ಅನ್ನೋ ಪ್ರಶ್ನೆಗೆ ಜಾಗವೇ ಇಲ್ಲ. ಕಾಫಿ ಕುಡಿದು ಎದ್ದು ಬರಬೇಕು.

ನನ್ನ ವಾದ ಇಷ್ಟೇ. ಸಂಗ್ರಹಕಾರರ ಕಿವಿಗೆ ಬೀಳುವ ಉತ್ತರಗಳಲ್ಲಿ ಕೆಲವು ‘ಇಲ್ಲ’, ಕೆಲವು ‘ಬೇಡ’. ಎರಡೂ ದೂರದಿಂದ ಒಂದೇ ಥರ ಕೇಳಿಸುತ್ತವೆ, ಯಾಕಂದರೆ ಎರಡರಲ್ಲೂ ಗೊಂಬೆ ಕೈಗೆ ಬರಲ್ಲ. ಆದರೆ ನಾವು ನಡೆದುಕೊಳ್ಳಬೇಕಾದ ರೀತಿ ಮಾತ್ರ ತದ್ವಿರುದ್ಧ.

‘ಬೇಡ’ಕ್ಕೂ ಒಂದು ಉದಾಹರಣೆ ಕೊಡ್ತೀನಿ. 1982ರಿಂದ 1993ರವರೆಗೆ ಎನ್‌ಬಿಸಿಯಲ್ಲಿ ‘ಚಿಯರ್ಸ್’ ಅನ್ನೋ ಹಾಸ್ಯ ಧಾರಾವಾಹಿ ಬರುತ್ತಿತ್ತು. ಬೋಸ್ಟನ್ನಿನ ಒಂದು ಬಾರು, ಅಲ್ಲಿ ದಿನಾ ಕೂರುವ ಗಿರಾಕಿಗಳು. ದಪ್ಪ ಮೈಯ ನಾರ್ಮ್ ಪಾತ್ರದಲ್ಲಿ ಜಾರ್ಜ್ ವೆಂಟ್, ಅಂಚೆಯವನು ಕ್ಲಿಫ್ ಪಾತ್ರದಲ್ಲಿ ಜಾನ್ ರಾಟ್ಜೆನ್‌ಬರ್ಗರ್. ಧಾರಾವಾಹಿಯ ಹಕ್ಕು ಹೊಂದಿದ್ದ ಪ್ಯಾರಾಮೌಂಟ್ ಅನುಮತಿಯ ಮೇಲೆ ಹೋಸ್ಟ್ ಅನ್ನೋ ಕಂಪನಿ ವಿಮಾನ ನಿಲ್ದಾಣಗಳಲ್ಲಿ ಅದೇ ಹೆಸರಿನ ಬಾರುಗಳನ್ನು ತೆರೆಯಿತು. ಒಳಗೆ ಎರಡು ಯಂತ್ರದ ಗೊಂಬೆ. ಒಂದು ದಪ್ಪಗೆ, ಇನ್ನೊಂದು ಅಂಚೆಯವನ ಬಟ್ಟೆಯಲ್ಲಿ. ಹೆಸರು ಮಾತ್ರ ಬಾಬ್, ಹ್ಯಾಂಕ್. ಇಬ್ಬರೂ ನಟರು ಕೋರ್ಟಿಗೆ ಹೋದರು: ಪಾತ್ರ ನಿಮ್ಮದಿರಬಹುದು, ಮುಖ ನಮ್ಮದು. ಕೆಳ ನ್ಯಾಯಾಲಯ ಕೇಸು ವಜಾ ಮಾಡಿತು. 1997ರಲ್ಲಿ ಮೇಲ್ಮನವಿ ನ್ಯಾಯಾಲಯ ನಟರ ವಾದದಲ್ಲಿ ಹುರುಳಿದೆ ಅಂತ ಕೇಸಿಗೆ ಮತ್ತೆ ಜೀವ ಕೊಟ್ಟಿತು. ಒಂದು ಪಾತ್ರ ಮಾಡಿದ ಮಾತ್ರಕ್ಕೆ ನಟ ತನ್ನ ಮುಖದ ಮೇಲಿನ ಹಿಡಿತವನ್ನು ಬಿಟ್ಟುಕೊಟ್ಟ ಹಾಗಾಗಲ್ಲ ಅನ್ನೋದು ಅದರ ಸಾರ. ಕೊನೆಗೆ 2001ರಲ್ಲಿ ರಾಜಿಯಾಯ್ತು.

ಈ ತೀರ್ಪಿನ ವಿರುದ್ಧ ಅದೇ ನ್ಯಾಯಾಲಯದ ನ್ಯಾಯಾಧೀಶ ಅಲೆಕ್ಸ್ ಕೊಜಿನ್ಸ್ಕಿ ಭಿನ್ನಮತ ಬರೆದರು. ಅವರ ಮಾತಿನಲ್ಲೂ ತೂಕ ಇದೆ. ಪಾತ್ರ ಸೃಷ್ಟಿಸಿದವನಿಗೆ ಅದನ್ನು ಮುಂದುವರಿಸುವ ಹಕ್ಕಿದೆ. ಬಾರಿನಲ್ಲಿ ಕೂತ ದಪ್ಪ ಮನುಷ್ಯ, ಪಕ್ಕದಲ್ಲಿ ಅಂಚೆಯವನು ಅಂದ ಕೂಡಲೇ ಆ ನಟರ ನೆನಪಾದರೆ ಅದಕ್ಕೆ ಪಾತ್ರ ಕಾರಣವೋ ನಟ ಕಾರಣವೋ? ನೆನಪಾದದ್ದಕ್ಕೆಲ್ಲ ತಡೆ ಹಾಕುತ್ತಾ ಹೋದರೆ ಹೊಸದನ್ನು ಮಾಡೋದು ಹೇಗೆ? ಸಂಗ್ರಹಕಾರರು ಇದನ್ನೇ ಇನ್ನೂ ಬಿಸಿಯಾಗಿ ಹೇಳ್ತಾರೆ: ‘ಆ ಪಾತ್ರವನ್ನು ಇಷ್ಟು ವರ್ಷ ಬದುಕಿಸಿದ್ದು ಯಾರು? ನಾವು ತಾನೇ. ನಾವು ನೆನಪಿಟ್ಟುಕೊಳ್ಳದಿದ್ದರೆ ಇವರನ್ನು ಯಾರು ಕೇಳ್ತಿದ್ದರು? ನಮಗೂ ಒಂದು ಪಾಲಿಲ್ಲವಾ?’

ಈ ವಾದ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಧಾರಾವಾಹಿ ಬದುಕೋದು ನೋಡುವವರ ತಲೆಯಲ್ಲಿ, ಅದು ನಿಜ. ಆದರೆ ಬದುಕಿಸಿದ ಆ ಪ್ರೀತಿಗೆ ನಟ ಕೊಟ್ಟ ಬೆಲೆ ಏನು ಅಂತಲೂ ನೋಡಬೇಕಲ್ಲ. ಆಡಮ್ ವೆಸ್ಟ್ ಧಾರಾವಾಹಿ ಮುಗಿದ ಮೇಲೆ ಬಹಳ ಕಾಲ ಒದ್ದಾಡಿದರು. ಎಲ್ಲಿ ಹೋದರೂ ಬ್ಯಾಟ್‌ಮ್ಯಾನ್. ಬೇರೆ ಪಾತ್ರ ಕೊಡುವವರಿಲ್ಲ, ಹೊಟ್ಟೆಪಾಡಿಗೆ ಅದೇ ಮುಸುಕು ಹಾಕಿಕೊಂಡು ಸಮಾರಂಭಗಳಿಗೆ ಹೋದರು. ನಮ್ಮಲ್ಲಿ 1987ರ ‘ರಾಮಾಯಣ’ ಧಾರಾವಾಹಿಯ ರಾಮ ಅರುಣ್ ಗೋವಿಲ್ ಕಂಡಲ್ಲಿ ಜನ ಕಾಲಿಗೆ ಬೀಳುತ್ತಿದ್ದ ಕಥೆ ಎಲ್ಲರಿಗೂ ಗೊತ್ತು. ಕಾಲಿಗೆ ಬೀಳುವವನ ಭಕ್ತಿಯಲ್ಲಿ ಕಲಬೆರಕೆ ಇಲ್ಲ. ಆದರೆ ಆ ಕಾಲಿನವನು ಟೀ ಅಂಗಡಿ ಮುಂದೆ ನಿಂತು ಒಂದು ಸಿಗರೇಟು ಸೇದೋದೂ ಕಷ್ಟವಾಗುತ್ತಲ್ಲ! ನೆನಪಿಟ್ಟುಕೊಂಡವರಿಗೆ ನಟ ಋಣಿಯೋ, ಅವನ ಉಳಿದ ಬದುಕನ್ನೆಲ್ಲ ಒಂದು ಪಾತ್ರದೊಳಗೆ ಕೂಡಿಹಾಕಿದ ನೆನಪೇ ಅವನಿಗೆ ಋಣಿಯೋ? ಲೆಕ್ಕ ಅಷ್ಟು ಸುಲಭ ಇಲ್ಲ. ಹಾಗಾಗಿ ಅಂಥವನೊಬ್ಬ ‘ಬೇಡ, ನನ್ನ ಮುಖದ ಗೊಂಬೆ ಮಾಡಬೇಡಿ’ ಅಂದರೆ ‘ನಾವು ನಿನ್ನನ್ನು ಬದುಕಿಸಿದೆವು’ ಅನ್ನೋದು ಉತ್ತರ ಆಗಲ್ಲ. ಪ್ರೀತಿ ಅನ್ನೋದು ಕೊಟ್ಟ ಸಾಲ ಅಲ್ಲ, ಬಡ್ಡಿ ಕೇಳೋಕೆ.

‘ಇಲ್ಲ’ದ ಕಥೆ ಬೇರೆ. ಬ್ಯಾಟ್‌ಮ್ಯಾನ್ ಗಂಟನ್ನು ಕಟ್ಟಿದ್ದು ಒಬ್ಬ ಮನುಷ್ಯನ ಮನಸ್ಸಲ್ಲ, ಎರಡು ಸಂಸ್ಥೆಗಳ ಕಡತ. ಅಲ್ಲಿ ‘ಬೇಡ’ ಅಂದವರು ಯಾರೂ ಇರಲಿಲ್ಲ. ಬಿಡಿಸಿ ಕೂರುವಷ್ಟು ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ. ಅಂಥ ಕಡೆ ಕೇಳಬೇಕು, ಮತ್ತೆ ಮತ್ತೆ ಕೇಳಬೇಕು, ಪತ್ರ ಬರೀಬೇಕು, ಕೊಂಚ ಪೀಡಿಸಿದರೂ ತಪ್ಪಿಲ್ಲ. ಯಾಕಂದರೆ ಆ ವಿಳಂಬ ಪುಕ್ಕಟೆ ಅಲ್ಲ. ಅದರ ಖರ್ಚನ್ನು ರೊಮೆರೊ ಕೊಟ್ಟರು, ನೋಡದೇ ಹೋದ ವೀಕ್ಷಕರು ಕೊಟ್ಟರು. ಸಂಸ್ಥೆಗೆ ವಯಸ್ಸಾಗಲ್ಲ, ಮನುಷ್ಯನಿಗೆ ಆಗುತ್ತೆ. ಕಾಯಿಸುವವನಿಗೆ ಕಾಲದ ಪರಿವೆ ಇಲ್ಲದಿದ್ದಾಗ ಕಾಯುವವನ ಸಿಟ್ಟು ನ್ಯಾಯವಾದದ್ದೇ.

ಕಷ್ಟ ಬರೋದು ನಡುವಿನ ಜಾಗದಲ್ಲಿ. ನಟ ಸತ್ತಿದ್ದಾನೆ, ‘ಬೇಡ’ ಅಂತಾನೂ ಹೇಳಿಲ್ಲ, ‘ಆಗಲಿ’ ಅಂತಾನೂ ಹೇಳಿಲ್ಲ. ಡ್ರಾಕುಲಾ ಆಗಿ ಹೆಸರಾದ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡರು. ಅವರ ಮುಖವನ್ನು ಮಾರಾಟದ ಸರಕುಗಳಿಗೆ ಬಳಸಿದ್ದಕ್ಕೆ ಹೆಂಡತಿ, ಮಗ ಕೋರ್ಟಿಗೆ ಹೋದರು. ಆ ಹಕ್ಕು ಸತ್ತವನ ಜೊತೆಗೇ ಹೋಯ್ತು ಅಂತ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿತು. ಆಮೇಲೆ ಕಾನೂನನ್ನೇ ಬದಲಿಸಿದರು. ಈಗ ಅಲ್ಲಿ ಸತ್ತು 70 ವರ್ಷದವರೆಗೂ ಆ ಹಕ್ಕು ವಾರಸುದಾರರದ್ದು. ಕಾನೂನು ಹಾಗೆ ಒಂದು ಸಂಖ್ಯೆ ಹಾಕಿ ಕೈತೊಳೆದುಕೊಳ್ಳಬಹುದು, ನಾವು ಆಗಲ್ಲ. ಮಕ್ಕಳು ‘ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ’ ಅಂದರೆ ಅದು ‘ಬೇಡ’ದ ಹತ್ತಿರದ್ದು, ತಲೆಬಾಗಬೇಕು. ‘ಇನ್ನಷ್ಟು ಕೊಟ್ಟರೆ ನೋಡೋಣ’ ಅಂದರೆ ಅದು ‘ಇಲ್ಲ’ದ ಹತ್ತಿರದ್ದು, ಚೌಕಾಸಿ ಮಾಡಬಹುದು. ಎರಡರ ದನಿಯೂ ಬೇರೆ ಬೇರೆ. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತೆ.

ಈಗ ಲ್ಯಾಪ್‌ಟಾಪಿನ ವಿಷಯ. 2013ರ ಮಂದಿ ಕಂಪನಿ ಅಚ್ಚು ಹಾಕುವ ತನಕ ಕಾಯಬೇಕಿತ್ತು. ಇವತ್ತು ಫೋಟೋಗಳಿಂದ ಮೂರು ಆಯಾಮದ ತಲೆ ತಯಾರಾಗುತ್ತೆ, ಮನೆಯ ತ್ರೀಡಿ ಪ್ರಿಂಟರ್ ರಾತ್ರಿಯಿಡೀ ಗುಂಯ್‌ಗುಟ್ಟಿ ಬೆಳಗ್ಗೆ ಕೈಗಿಡುತ್ತೆ. ದನಿಯ ತುಣುಕು ಸಿಕ್ಕರೆ ಮಾತೂ ಆಡಿಸಬಹುದು. ಅಂದರೆ ಕೇಳುವ ಹಂತವೇ ಹಾರಿಹೋಯ್ತು. ನಮ್ಮಲ್ಲೂ 2023ರಲ್ಲಿ ನಟ ಅನಿಲ್ ಕಪೂರ್ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಹೆಸರು, ಚಿತ್ರ, ದನಿಯನ್ನು ಒಪ್ಪಿಗೆಯಿಲ್ಲದೆ ಬಳಸದಂತೆ ತಡೆ ತಂದರು. ನಟರಿಗೆ ವಕೀಲರಿದ್ದಾರೆ. ನಮ್ಮ ನಿಮ್ಮಂಥವರ ಮುಖ ಆಫೀಸಿನ ಗೇಟಿನಲ್ಲಿ, ದನಿ ಮೀಟಿಂಗಿನ ರೆಕಾರ್ಡಿಂಗಿನಲ್ಲಿ ಈಗಾಗಲೇ ಕೂತಿದೆ. ನಾವು ಬರೆದ ಕೋಡು ಕಂಪನಿಯದ್ದು, ಸರಿ, ಅದಕ್ಕೆ ಸಂಬಳ ತಗೊಂಡಿದ್ದೀವಿ. ನಾಳೆ ಕೆಲಸ ಬಿಟ್ಟ ಮೇಲೂ ನನ್ನ ದನಿಯಲ್ಲೇ ಹೊಸಬರಿಗೆ ಟ್ರೇನಿಂಗ್ ಕೊಡಿಸಿದರೆ? ನಾರ್ಮ್ ಮತ್ತು ಕ್ಲಿಫ್ ಕೇಳಿದ್ದು ಇದೇ ಪ್ರಶ್ನೆಯನ್ನು. ಕೆಲಸ ಮಾರಿದೆ, ಮುಖ ಮಾರಿದ್ದೆನಾ?

ಹಾಗಂತ ಮನೆಯಲ್ಲಿ ತನ್ನ ಪಾಡಿಗೆ ಆಡಮ್ ವೆಸ್ಟ್ ತಲೆ ಕೆತ್ತಿಕೊಂಡು ಕಪಾಟಿನಲ್ಲಿಟ್ಟವನನ್ನು ಅಪರಾಧಿ ಅನ್ನೋಕೆ ನನಗೆ ಮನಸ್ಸಿಲ್ಲ. ಹೊಲದ ಬದಿಯಲ್ಲಿ ಕೂತು ಜೇಡಿಮಣ್ಣಿನಲ್ಲಿ ಎತ್ತು ಮಾಡುವ ಹುಡುಗನ ಸಾಲಿಗೇ ಅವನನ್ನೂ ಸೇರಿಸ್ತೀನಿ. ನೆನಪಿಗೆ ಕೈ ಇರಬೇಕಾದ್ದು ಸಹಜ. ಗೆರೆ ದಾಟೋದು ಎರಡು ಕಡೆ. ಒಂದು, ಆ ಮುಖವನ್ನು ಮಾರಲು ಹೊರಟಾಗ. ಇನ್ನೊಂದು, ಆ ಮುಖದ ಬಾಯಲ್ಲಿ ಅವನು ಆಡದ ಮಾತು ಇಟ್ಟಾಗ. ಮೊದಲನೆಯದು ಅವನ ಸಂಪಾದನೆಗೆ ಕೈಹಾಕಿದ್ದು. ಎರಡನೆಯದು ಅದಕ್ಕಿಂತ ಕೆಟ್ಟದ್ದು, ಅವನಿಗೇ ಕೈಹಾಕಿದ್ದು. ಕುಂದುಗಳಿಗಾಗಿ ಪ್ರೀತಿಸಿದ್ದೀವಿ ಅಂತ ಹೇಳಿ, ಆ ಕುಂದುಗಳ ಯಜಮಾನನನ್ನೇ ಅಳಿಸಿಹಾಕಿದ ಹಾಗೆ.

ಬೋಳಿಸದೇ ಉಳಿದ ರೊಮೆರೊ ಮೀಸೆಯನ್ನೇ ನೋಡಿ. ಬೋಳಿಸಿ ಅಂದಾಗ ಅವರು ‘ಬೇಡ’ ಅಂದರು. ಧಾರಾವಾಹಿಯವರು ಆ ‘ಬೇಡ’ಕ್ಕೆ ಒಪ್ಪಿ ಅದರ ಮೇಲೇ ಬಣ್ಣ ಬಳಿದರು. ಜೋಕರ್ ಏನೂ ಕೆಡಲಿಲ್ಲ. ಅರವತ್ತು ವರ್ಷ ಆದ ಮೇಲೂ ಅಭಿಮಾನಿಗಳು ಕಣ್ಣು ಕಿರಿದು ಮಾಡಿಕೊಂಡು ಹುಡುಕೋದು ಆ ಮೀಸೆಯನ್ನೇ. ಒಬ್ಬ ಮನುಷ್ಯ ‘ಬೇಡ’ ಅಂದದ್ದರ ಗುರುತು ಅದು. ಗೊಂಬೆಯಲ್ಲಿ ಮೀಸೆ ಬೇಕು ಅಂತ ಕೇಳುವವನಿಗೆ, ಮೀಸೆಯವನ ಮಾತು ಕೇಳುವ ವ್ಯವಧಾನವೂ ಇರಲಿ.